ಎರಚಿದ ಮಣ್ಣು, ಒತ್ತಿದ ಮಣ್ಣು

ಮಕ್ಕಳೇ, ನೀವು ಜಗಳವಾಡಿದಾಗಲೆಲ್ಲ ತೀರ್ಪಿಗೆ ನನ್ನ ಹತ್ತಿರ ಬರುತ್ತೀರಿ. "ಅಜ್ಜಿ ಸುಳ್ಳು ಹೇಳೋದಿಲ್ಲ, ತಾತನ ಕುಸ್ತೀಲೇ ಹೇಳಲಿಲ್ಲ" ಎನ್ನುತ್ತೀರಿ. ಈ ಮಾತು ಈ ಮನೆಯಲ್ಲಿ ಎಷ್ಟು ವರ್ಷದಿಂದ ಓಡಾಡುತ್ತಿದೆ ಎಂದರೆ, ನಾನೇ ನಂಬಿಬಿಡುವ ಹಾಗಾಗಿದೆ. ನಾಲ್ಕು ಜನರ ಎದುರು ಬಾಯಿ ಬಿಡಲು ನನಗೆ ಬಾರದು. ಬರೆಯುವುದಾದರೆ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅದು ಎರಡನೆಯ ಮಹಾಯುದ್ಧದ ಕಾಲ. ಮದುವೆಯಾಗಿ ಮದ್ದೂರಿಗೆ ಬಂದು ನನಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ನಿಮ್ಮ ತಾತ ಗರಡಿಯ ಪೈಲ್ವಾನರು. ಅವರ ಹೆಸರನ್ನು ನಾನು ಆಗಲೂ ಬಾಯಲ್ಲಿ ಹೇಳಿದವಳಲ್ಲ, ಈಗ ಬರೆಯುವುದಕ್ಕೂ ಕೈ ಬರುತ್ತಿಲ್ಲ. ಅವರಿಗೆ ಪಟ್ಟು ಕಲಿಸುತ್ತಿದ್ದವರು ಉಸ್ತಾದ್ ಗಫಾರ್ ಸಾಬರು. ಹಗಲು ಸೈಕಲ್ ರಿಪೇರಿ, ಬೆಳಗಿನ ಜಾವ ಗರಡಿ. ಸಾಬರು ನಮ್ಮ ಜಗಲಿಗೆ ಬಂದರೆ ನನ್ನ ದಿಂಬುಗಳಿಗೆ ಗಂಡಾಂತರ. ಒಂದು ದಿಂಬನ್ನು ಎದುರಾಳಿ ಮಾಡಿ, ಎಲ್ಲಿ ಹಿಡಿಯಬೇಕು, ಹೇಗೆ ಮಗುಚಬೇಕು ಎಂದು ತೋರಿಸುತ್ತಿದ್ದರು. ಆ ಮನೆಯಲ್ಲಿ ಅತಿ ಹೆಚ್ಚು ಸಲ ಸೋತದ್ದು ನನ್ನ ತವರಿನ ಹತ್ತಿದಿಂಬು. ಕದದ ಹಿಂದೆ ನಿಂತಿದ್ದ ನನಗೂ ಅವರು ಪಾಠ ಹೇಳುತ್ತಿದ್ದರು: ಕುಸ್ತಿಗೆ ಮೂರು ದಿನ ಮುಂಚೆ ಹುಳಿ ಹಾಕಬಾರದು, ಹಾಲಿಗೆ ಬಾದಾಮಿ ತೇಯಬೇಕು, ಮನೆಯಲ್ಲಿ ಮುನಿಸು ಇರಬಾರದು. ಮುನಿಯುವುದಕ್ಕೆ ಮಾತು ಬೇಕಲ್ಲ, ನನಗೆ ಆ ಕಷ್ಟವಿರಲಿಲ್ಲ.

ನನ್ನ ಪಾಲಿನ ಕಷ್ಟ ಬೇರೆ, ಅದು ಬೆನ್ನು ತೊಳೆಯುವುದು. ಗರಡಿಯ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ ಎಲ್ಲ ಬೆರೆಸಿರುತ್ತಾರೆ. ಬಟ್ಟೆಗೆ ಹತ್ತಿದರೆ ಬಿಡುವುದಿಲ್ಲ, ಮೈಗೆ ಹತ್ತಿದರೂ ಸುಲಭವಲ್ಲ. ಹಂಡೆಯ ಪಕ್ಕ ದಿನಾ ಉಜ್ಜಿ ಉಜ್ಜಿ ನನಗೊಂದು ವಿದ್ಯೆ ಬಂದಿತ್ತು. ಕುಸ್ತಿಗೆ ಮೊದಲು ಪೈಲ್ವಾನರು ಒಬ್ಬರ ಮೈಮೇಲೊಬ್ಬರು ಎರಚುವ ಮಣ್ಣು ಮೊದಲನೆಯ ಚೊಂಬು ನೀರಿಗೇ ಇಳಿದುಹೋಗುತ್ತದೆ. ಬೆನ್ನು ನೆಲಕ್ಕೆ ಒತ್ತಿ ಹತ್ತಿದ ಮಣ್ಣು ಸೀಗೆಪುಡಿ ಕೇಳುತ್ತದೆ. ಹಾಗಾಗಿ ಅವರು ಗರಡಿಯಲ್ಲಿ ಎಷ್ಟು ಸಲ ಚಿತ್ತಾದರು ಎಂಬುದು ಉಸ್ತಾದರನ್ನು ಬಿಟ್ಟರೆ ನನಗೇ ಗೊತ್ತಿರುತ್ತಿತ್ತು. "ಬೆನ್ನು ಎಂಗದೆ?" ಎಂದು ಅವರು ಕೇಳುತ್ತಿದ್ದರು. ಚೊಕ್ಕಟವಾಗಿದ್ದರೆ "ಏನೂ ಇಲ್ಲ" ಎನ್ನುತ್ತಿದ್ದೆ. ಅವರಿಗೂ ನನಗೂ ಆಗ ನಡೆಯುತ್ತಿದ್ದ ಮಾತುಕತೆ ಹೆಚ್ಚುಕಡಿಮೆ ಅಷ್ಟೇ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಗಾದೆ ಮಾಡಿದವನ ಬೆನ್ನನ್ನು ಯಾರು ತೊಳೆಯುತ್ತಿದ್ದರೋ ಏನೋ.

ಆ ವರ್ಷ ಮದ್ದೂರಿನಲ್ಲಿ ಬೆಳ್ಳಿ ಕಡಗದ ಕುಸ್ತಿ ಇಟ್ಟರು. ಎದುರಾಳಿ ಕಿರುಗಾವಲಿನ ಬೋರಣ್ಣ, ತೂಕದಲ್ಲಿ ಇವರ ಒಂದೂವರೆಯಷ್ಟು. ತೀರ್ಪು ಕೊಡಬೇಕಾಗಿದ್ದವರು ಮಂಡ್ಯದ ಕಡೆಯಿಂದ ಬರುತ್ತಿದ್ದ, ಪೆಟ್ರೋಲಿಲ್ಲದೆ ಇದ್ದಿಲು ಉರಿಸಿ ಓಡಿಸುತ್ತಿದ್ದ ಬಸ್ಸು ದಾರಿಯಲ್ಲೇ ನಿಂತುಹೋಯಿತು. ಕುಸ್ತಿ ನೋಡಲು ಹನಕೆರೆಯಿಂದ ರೈಲಿನಲ್ಲಿ ಬಂದಿದ್ದ ನನ್ನ ಅಪ್ಪನನ್ನೇ ಕೊನೆಗೆ ನಿಲ್ಲಿಸಿದರು. ಅಪ್ಪ ಸ್ಕೂಲು ಮೇಷ್ಟ್ರು, ಮೊದಲು ತಾವೂ ಗರಡಿ ಮಾಡಿದ್ದವರು. ಅಳಿಯನ ಕುಸ್ತಿಗೆ ಮಾವ ತೀರ್ಪುಗಾರನೇ ಎಂದು ಅವರೇ ಹಿಂಜರಿದರಂತೆ. ಮೇಷ್ಟ್ರು ಅಳಿಯನ ಪರ ಹೇಳುವವರಲ್ಲ ಎಂದು ಒತ್ತಾಯ ಮಾಡಿದವನು ಬೋರಣ್ಣನೇ.

ಹೆಂಗಸರು ಅಖಾಡದ ಹತ್ತಿರ ಹೋಗುವಂತಿರಲಿಲ್ಲ. ನಡೆದದ್ದನ್ನು ನಾನು ಕದದ ಹಿಂದಿನಿಂದ ಕೇಳಿ ತಿಳಿದೆ, ಉಸ್ತಾದರು ದಿಂಬಿನ ಸಮೇತ ಹೇಳಿದರು. ಮೊದಲ ಹತ್ತು ನಿಮಿಷ ಕೈಗೆ ಸಿಕ್ಕದೆ ಸುತ್ತಾಡಿಸು, ಅವನಿಗೆ ಏದುಸಿರು ಬಂದ ಮೇಲೆ ಕಾಲಿಗೆ ಹೋಗು ಎಂಬುದು ಅವರ ಉಪಾಯ. ಆದರೆ ನಡುವೆ ಬೋರಣ್ಣ ಇವರನ್ನು ಎತ್ತಿ ಕೆಡವಿದ. ಇವರು ಕತ್ತಿನ ಮೇಲೆ ಸೇತುವೆಯ ಹಾಗೆ ಎದ್ದು ಹೊರಳಿಕೊಂಡರು. ಎಡಗಡೆ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದ ಅಪ್ಪ, ಎರಡೂ ಭುಜ ನೆಲಕ್ಕೆ ತಾಗಿದರೆ ತಾನೇ ಸೋಲು, ಎರಡೂ ತಾಗಿಲ್ಲ, ನಡೆಯಲಿ ಎಂದರು. ಆಮೇಲೆ ಉಸ್ತಾದರ ಉಪಾಯ ಫಲಿಸಿತು. ಬೋರಣ್ಣ ಚಿತ್ತಾದ, ಕಡಗ ನಮ್ಮ ಮನೆಗೆ ಬಂತು.

ಸಾಯಂಕಾಲ ಬಚ್ಚಲಿನಲ್ಲಿ ಮೊದಲನೆಯ ಚೊಂಬು ಹೊಯ್ದೆ. ಎರಚಿದ ಮಣ್ಣೆಲ್ಲ ಇಳಿಯಿತು. ಭುಜದ ಹಿಂದಿನ ಎರಡು ರೆಕ್ಕೆಮೂಳೆಗಳ ಮೇಲೆ, ಅಂಗೈಯಗಲದ ಎರಡು ಕೆಂಪು ಮಚ್ಚೆಗಳು ಉಳಿದವು. ಎಡಕ್ಕೊಂದು, ಬಲಕ್ಕೊಂದು. ಜಗಲಿಯಲ್ಲಿ ಅಪ್ಪ ಕಾಫಿ ಕುಡಿಯುತ್ತ ಕೂತಿದ್ದರು.

"ಬೆನ್ನು ಎಂಗದೆ?" ಎಂದರು ಇವರು.

ನಾನು ಇನ್ನೊಂದು ಚೊಂಬು ಹೊಯ್ದೆ. ಸೀಗೆಪುಡಿ ತೆಗೆದುಕೊಂಡು ಜೋರಾಗಿ ಉಜ್ಜಿದೆ.

"ನಿನ್ನೇ ಕೇಳ್ತಿರೋದು ಕಣೆ. ಬಿದ್ದಾಗ ಮೈಗೆ ಗೊತ್ತಾಗ್ನಿಲ್ಲ. ಎಷ್ಟು ಕಡೆ ಅದೆ?"

ಮತ್ತೊಂದು ಚೊಂಬು. ಅವರು ತಿರುಗಿ ಬಚ್ಚಲ ಕಲ್ಲಿನ ಮೇಲೆ ಹರಿಯುತ್ತಿದ್ದ ಕೆಂಪು ನೀರನ್ನು ಬಹಳ ಹೊತ್ತು ನೋಡಿದರು.

"ಸರಿ ಬುಡು. ಏನೂ ಇಲ್ದಿದ್ರೆ ನೀನು ಯೋಳ್ತಿದ್ದೆ."

ಅವರು ಮೈ ಒರೆಸಿಕೊಂಡು ಹೋಗಿ, ಬಿದ್ದಾಗ ಎರಡೂ ಭುಜ ತಾಗಿತ್ತು ಎಂದು ಜಗಲಿಯಲ್ಲಿ ಹೇಳಿಬಿಟ್ಟರು. ಉಸ್ತಾದರು ಮೊದಲು ರೇಗಿದರು. ತೀರ್ಪಾದ ಮೇಲೆ ಬೆನ್ನು ಯಾರು ನೋಡುತ್ತಾರೆ, ಹಾಗೆ ನೋಡುತ್ತ ಕೂತರೆ ಯಾವ ಕುಸ್ತಿ ತಾನೇ ಮುಗಿಯುತ್ತದೆ ಎಂದರು. ಆಮೇಲೆ ತಾವೇ, "ಓಗ್ಲಾ, ಕಡಗ ಕೊಟ್ಟು ಬಾ. ಅದು ಕೈಲಿದ್ರೆ ಇನ್ಮೇಲೆ ನಿನ್ಗೆ ಒಂದು ಪಟ್ಟೂ ಕೂರಲ್ಲ" ಎಂದರು. ಅಪ್ಪ ಲೋಟ ಕೆಳಗಿಟ್ಟರು. ನಾನು ಕದದ ಹಿಂದೆ ನಿಂತಿದ್ದೆ.

"ನಾನು ಎಡಗಡೆ ಕೂತಿದ್ದೆ. ಬಲಗಡೆ ದೇವರೊಬ್ಬನೇ ಇದ್ದ ಅಂದ್ಕೊಂಡಿದ್ದೆ. ನನ್ನ ಮಗಳೂ ಇದ್ದಳು" ಎಂದರು. ಆಮೇಲೆ ಅವರು ಯಾವ ಕುಸ್ತಿಗೂ ತೀರ್ಪಿಗೆ ನಿಲ್ಲಲಿಲ್ಲ.

ಮಾರನೆಯ ದಿನ ಇವರು ಮಳವಳ್ಳಿಯ ಮೇಲೆ ಕಿರುಗಾವಲಿಗೆ ಹೋಗಿ ಕಡಗ ಕೊಟ್ಟರು. ಬೋರಣ್ಣ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ನಂಗೆ ಗೊತ್ತಿತ್ತು ಕಣ್ಲಾ. ಮೇಷ್ಟ್ರ ಮಾತು ಅಂತ ಸುಮ್ಕಾದೆ. ನಿಂಗೆ ಯಾರ್ಲಾ ಯೋಳಿದ್ರು?" ಎಂದನಂತೆ. ಮನೆಯಲ್ಲಿ ಎಂದರಂತೆ ಇವರು. ಬೋರಣ್ಣ ತನ್ನ ಆಲೆಮನೆಯ ಎರಡು ಅಚ್ಚು ಬೆಲ್ಲ ಕಟ್ಟಿ, ಆಯಮ್ಮನಿಗೆ ಕೊಡು ಎಂದು ಕಳಿಸಿದ. ಅಂದಿನಿಂದ ಕೇರಿಯಲ್ಲಿ ನಾನು ಸುಳ್ಳು ಹೇಳದ ಹೆಂಗಸಾದೆ.

ನಿಜ ಇಷ್ಟೇ ಮಕ್ಕಳೇ. ನಾನು ಅಂದು ನಿಜ ಹೇಳಲಿಲ್ಲ. ಅಪ್ಪನ ಮಾನ, ಗಂಡನ ಗೆಲುವು ಎರಡನ್ನೂ ಉಳಿಸೋಣವೆಂದು, ಆ ಮಣ್ಣು ಬೇಗ ಹೋಗಲಿ ಎಂದೇ ಚೊಂಬಿನ ಮೇಲೆ ಚೊಂಬು ನೀರು ಹೊಯ್ದೆ. "ಏನೂ ಇಲ್ಲ" ಎಂದುಬಿಡಬೇಕೆಂದು ಎರಡು ಸಲ ಬಾಯಿ ತೆರೆದೆ. ನನ್ನ ನಾಚಿಕೆಗೆ ಸುಳ್ಳು ಹೇಳುವಷ್ಟು ಧೈರ್ಯವೂ ಇರಲಿಲ್ಲ. ನಿಜ ಕಂಡುಕೊಂಡವರು ನಿಮ್ಮ ತಾತ, ಬೆಲ್ಲ ತಿಂದವಳು ನಾನು. ಕಹಿಯಾಗಿದ್ದರೆ ಸಮಾಧಾನವಾಗುತ್ತಿತ್ತು, ಬಹಳ ಸಿಹಿಯಾಗಿತ್ತು. ಅವರು ಹೋಗುವವರೆಗೂ ಇದನ್ನು ಅವರಿಗೆ ಹೇಳಲಾಗಲಿಲ್ಲ.

ಆದ್ದರಿಂದ ಮುಂದೆ ನೀವು ಜಗಳ ತಂದಾಗ ನಾನು ಸುಮ್ಮನೆ ಕೂತಿದ್ದರೆ, ಅಜ್ಜಿ ನ್ಯಾಯ ಯೋಚಿಸುತ್ತಿದ್ದಾಳೆ ಎಂದುಕೊಳ್ಳಬೇಡಿ. ಚೊಂಬು ಎಲ್ಲಿದೆ ಎಂದು ನೋಡುತ್ತಿರುತ್ತೇನೆ.