ಎಪ್ಪತ್ತೆಂಟರ ದರ್ಜಿಗೆ ಅರವತ್ತೊಂದು

ಮದುವೆಯಾದವರಿಗೆ ಸ್ವಂತ ವಯಸ್ಸು ಇರುವುದಿಲ್ಲ. ನಿಯಮ ಹದಿನಾಲ್ಕರ ಪ್ರಕಾರ ದಂಪತಿಯಲ್ಲಿ ಕಿರಿಯರ ವಯಸ್ಸೇ ಇಬ್ಬರ ವಯಸ್ಸು.

ದರ್ಜಿಗೆ ಇದು ಗೊತ್ತಿರಲಿಲ್ಲ. ಹೋದ ವಾರ ಯಾರದೋ ಪ್ಯಾಂಟಿನ ಜೇಬಿನ ಬಾಯನ್ನೇ ಹೊಲಿದುಬಿಟ್ಟ ಮೇಲೆ, ಇನ್ನು ಅಂಗಡಿ ಮುಚ್ಚುವುದೇ ಲೇಸೆಂದು ಹೆಂಡತಿಯನ್ನು ಕರೆದುಕೊಂಡು ವೃದ್ಧಾಪ್ಯ ಭತ್ಯೆಯ ಕಚೇರಿಗೆ ಬಂದಿದ್ದ. ಅವನಿಗೆ ಎಪ್ಪತ್ತೆಂಟು, ಅವಳಿಗೆ ಅರವತ್ತೊಂದು. ಭತ್ಯೆ ಶುರುವಾಗುವುದು ಅರವತ್ತಾರಕ್ಕೆ.

"ನಿಮಗಿನ್ನೂ ಅರವತ್ತೊಂದು," ಎಂದು ಗುಮಾಸ್ತೆ ಅರ್ಜಿಯನ್ನು ವಾಪಸು ತಳ್ಳಿದಳು. "ಐದು ವರ್ಷ ಬಿಟ್ಟು ಬನ್ನಿ."

"ಸೂಜಿಗೆ ದಾರ ಪೋಣಿಸೋಕೆ ಕಣ್ಣೇ ಕಾಣಲ್ಲ ತಾಯಿ."

"ಅದು ಎಪ್ಪತ್ತೆಂಟರ ತೊಂದರೆ. ನಿಮಗೆ ಅನ್ವಯಿಸಲ್ಲ."

ಹೆಂಡತಿ ಕಿಟಕಿಗೆ ಬಾಗಿದಳು. "ನಾನೇ ಇಲ್ದೆ ಹೋದ್ರೆ?"

ಗುಮಾಸ್ತೆಯ ಮುಖ ಅರಳಿತು. "ನೀವು ತೀರಿಕೊಂಡ ಮರುದಿನದಿಂದಲೇ ಇವರಿಗೆ ಎಪ್ಪತ್ತೆಂಟು. ಅದಕ್ಕೆ ನಮೂನೆ ಒಂಬತ್ತು. ಕೊಡ್ಲಾ?"

"ಕೊಡಿ, ಮನೇಲಿರ್ಲಿ."

ದರ್ಜಿ ಆ ನಮೂನೆಯನ್ನು ಹೆಂಡತಿಯ ಕೈಯಿಂದ ಕಿತ್ತು ಕಿಟಕಿಯೊಳಗೆ ತುರುಕಿದ. "ಇವಳಿಲ್ದೆ ನನಗೆ ದಾರ ಪೋಣಿಸಿಕೊಡೋರು ಯಾರು?"

"ಓಹೋ, ಇವರು ಪೋಣಿಸಿಕೊಡ್ತಾರಾ?"

"ಬೆಳಿಗ್ಗೆ ಎದ್ದು ಮೊದಲು ಇಪ್ಪತ್ತು ಸೂಜಿ. ಆಮೇಲೇ ಕಾಫಿ," ಎಂದಳು ಹೆಂಡತಿ ಹೆಮ್ಮೆಯಿಂದ.

ಗುಮಾಸ್ತೆ ಬರೆದುಕೊಂಡಳು: 'ಪತ್ನಿಯ ಕಣ್ಣು ಸೇರಿ ಅರ್ಜಿದಾರರ ದೃಷ್ಟಿ ಸಮರ್ಪಕವಾಗಿದೆ. ದುಡಿಯಲು ಅರ್ಹರು.' ಮೊಹರು ಬಿತ್ತು. ದುಡಿಯಲು ಅರ್ಹರಾದವರು ಪ್ರತಿ ಸೋಮವಾರ ಬಂದು ಕೆಲಸ ಹುಡುಕಿದ್ದಕ್ಕೆ ಸಹಿ ಮಾಡಬೇಕು. ಜೊತೆಗೆ ಕಸುಬು ಕಲಿಯಬೇಕು. ದರ್ಜಿಗೆ ಹೊಲಿಗೆ ತರಗತಿಯಲ್ಲಿ, ಆರಂಭಿಕರ ವಿಭಾಗದಲ್ಲಿ ಜಾಗ ಸಿಕ್ಕಿತು.

"ಅರವತ್ತು ವರ್ಷದಿಂದ ಹೊಲೀತಿದ್ದೀನಲ್ಲಮ್ಮಾ!"

"ಹುಟ್ಟಿದ ಮರುವರ್ಷದಿಂದಲೇ? ಸುಳ್ಳು ಹೇಳಿದ್ರೆ ದಂಡ ಇದೆ."

ದರ್ಜಿ ಸುಸ್ತಾಗಿ, 'ಹಿರಿಯರಿಗೆ ಮಾತ್ರ' ಎಂದು ಬರೆದಿದ್ದ ಬೆಂಚಿನ ಮೇಲೆ ಕುಸಿದ. ಅಷ್ಟರಲ್ಲಿ ಅವನ ಪಕ್ಕದ ಅಂಗಡಿಯ ಕ್ಷೌರಿಕ ಭತ್ಯೆಯ ಚೀಟಿ ಬೀಸಿಕೊಳ್ಳುತ್ತ ಬಂದ. ಮದುವೆಯಾಗದವನು, ಹೋದ ಗುರುವಾರವಷ್ಟೇ ಅರವತ್ತಾರು ತುಂಬಿತ್ತು. ಅವನು ಮೊದಲ ದಿನ ಶಾಲೆಗೆ ಹೋದಾಗ ಹಾಕಿಕೊಂಡಿದ್ದ ಚಡ್ಡಿ ಹೊಲಿದವನು ಇದೇ ದರ್ಜಿ.

ಕ್ಷೌರಿಕ ಬೆಂಚಿನ ಮೇಲಿನ ಬರಹ ನೋಡಿದ, ದರ್ಜಿಯ ಕೈಯಲ್ಲಿದ್ದ ತರಗತಿಯ ಚೀಟಿಯಲ್ಲಿ 'ವಯಸ್ಸು ಅರವತ್ತೊಂದು' ಎಂದಿದ್ದುದನ್ನು ನೋಡಿದ.

"ಸ್ವಲ್ಪ ಏಳ್ತೀಯಾ ತಮ್ಮಾ?"

ದರ್ಜಿ ಹೆಂಡತಿಯ ಹೆಗಲು ಹಿಡಿದು ಎದ್ದ. "ಕೂತ್ಕೊಳ್ಳಿ ಅಣ್ಣಾ."

"ಬೇಜಾರು ಮಾಡ್ಕೋಬೇಡ," ಎಂದ ಕ್ಷೌರಿಕ, ಆರಾಮವಾಗಿ ಕಾಲು ಚಾಚುತ್ತ. "ನಿನಗೂ ಒಂದಿನ ವಯಸ್ಸಾಗುತ್ತೆ."

"ನಿಮ್ಮ ಆಶೀರ್ವಾದ," ಎಂದ ದರ್ಜಿ.