ಗಂಟಲ ಮೇಲೆ ಕೈ ಇಟ್ಟು

ಬೇರೆಯವರ ಬಾಯಿಯೊಳಗೆ ಇಣುಕಿ ಹೊಟ್ಟೆ ಹೊರೆಯುವವರು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ದಿನಕ್ಕೊಂದು ಬಂದು ಬಾಗಿಲು ತಟ್ಟುತ್ತದೆ. ನಾನು ಸ್ಪೀಚ್ ಥೆರಪಿಸ್ಟ್. ಕಲಬುರಗಿಯಿಂದ ಬಂದು ಹೈದರಾಬಾದಿನಲ್ಲಿ ನೆಲೆಸಿದವಳು. ಬೆಳಿಗ್ಗೆ ಮೆಹದಿಪಟ್ಟಣಂನ ನನ್ನ ಕ್ಲಿನಿಕ್ಕಿಗೆ ಮಾತು ತಡವರಿಸುವ ಮಕ್ಕಳು ಬರುತ್ತಾರೆ. ಮಧ್ಯಾಹ್ನ ನಾನೇ ಶಾಲೆಗಳಿಗೆ ಹೋಗಿ ಟೀಚರುಗಳಿಗೆ ಇಂಗ್ಲಿಷಿನ ಧ್ವನಿಗಳನ್ನು ಹೇಳಿಕೊಡುತ್ತೇನೆ. ಇಬ್ಬರಿಗೂ ಪಾಠ ಒಂದೇ: ನಾಲಿಗೆ ಎಲ್ಲಿಡಬೇಕು, ತುಟಿ ಏನು ಮಾಡಬೇಕು, ಉಸಿರು ಎಷ್ಟು ಬಿಡಬೇಕು. ಮಕ್ಕಳು ಬೇಗ ಕಲಿಯುತ್ತಾರೆ, ಟೀಚರುಗಳು ನೋಟ್ಸ್ ಕೇಳುತ್ತಾರೆ.

ಈಚೆಗೆ ಇದೇ ಊರಿನ ಬಾಲಾನಗರದ ಒಂದು ಶಾಲೆಯಲ್ಲಿ ಒಬ್ಬ ಟೀಚರ ತರಗತಿಯೇ ಕೈತಪ್ಪಿ ಹೋಗುವುದರಲ್ಲಿತ್ತು. ಅವರ ವಿಷಯಕ್ಕೆ ಬರುವ ಮೊದಲು ಒಬ್ಬ ಅಜ್ಜಿಯ ಕಥೆ ಹೇಳಿಬಿಡಬೇಕು.

ದೀಪ ಊದಬಾರದು

ಅಜ್ಜಿ ಬೀದರ ಕಡೆಯವರು. ಮಗ, ಸೊಸೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರಿಂದ ಮೊಮ್ಮಗಳನ್ನು ನನ್ನ ಹತ್ತಿರ ಅವರೇ ಕರೆತರುತ್ತಿದ್ದರು. ಮೊದಲ ದಿನ ಹುಡುಗಿಗೆ ಗಂಟಲ ಮೇಲೆ ಕೈ ಇಟ್ಟುಕೊಳ್ಳಲು ಹೇಳಿದೆ. ಇಂಗ್ಲಿಷಿನ ಕೆಲವು ಧ್ವನಿಗಳಿಗೆ ಗಂಟಲು ದುಂಬಿಯಂತೆ ಗುಂಯ್‌ಗುಡುತ್ತದೆ, ಕೆಲವಕ್ಕೆ ಸುಮ್ಮನಿರುತ್ತದೆ. ಕೈ ಇಟ್ಟರೆ ಅದು ತಿಳಿಯುತ್ತದೆ. ಹುಡುಗಿ ಕೈ ಇಟ್ಟಳೋ ಇಲ್ಲವೋ ಅನ್ನುವಷ್ಟರಲ್ಲಿ ಅಜ್ಜಿ ಕುರ್ಚಿಯಿಂದ ಎದ್ದರು.

"ಏನ್ ಕದ್ದೀಯೇ?"

ತಪ್ಪು ಅವರದಲ್ಲ. ನಮ್ಮ ಕಡೆ ಮಕ್ಕಳು ಆಣೆ ಇಡುವುದು ಗಂಟಲು ಹಿಡಿದೇ. ಹೈದರಾಬಾದಿನಲ್ಲೂ ಅಷ್ಟೇ. ಬಾಯಲ್ಲಿ ಎಷ್ಟು ಹೇಳಿದರೂ ನಂಬದ ದೊಡ್ಡವರು ಕೈ ಗಂಟಲಿಗೆ ಹೋದ ಕೂಡಲೇ ನಂಬಿಬಿಡುತ್ತಾರೆ. ಇದು ಆಣೆಯಲ್ಲ, ಪಾಠ ಎಂದು ಅಜ್ಜಿಗೆ ತಿಳಿಹೇಳಿ ಕೂರಿಸುವಷ್ಟರಲ್ಲಿ ಆ ದಿನದ ಪಾಠವೇ ಮುಗಿಯಿತು.

ಮುಂದಿನ ವಾರ ಮೇಣದಬತ್ತಿ ಹಚ್ಚಿದೆ. ಇಂಗ್ಲಿಷಿನಲ್ಲಿ ‘ಪೆನ್’ ಎನ್ನುವಾಗ ತುಟಿಯಿಂದ ಒಂದಿಷ್ಟು ಗಾಳಿ ಹೊರಡಬೇಕು, ಎದುರಿನ ಜ್ವಾಲೆ ಅಲುಗಬೇಕು. ಹುಡುಗಿ ಹುರುಪಿನಲ್ಲಿ ಅದನ್ನು ಆರಿಸಿಯೇಬಿಟ್ಟಳು. ಬಾಯಿಂದ ಊದಿ ದೀಪ ಆರಿಸಿದರೆ ಮನೆಗೆ ಒಳ್ಳೆಯದಲ್ಲ ಎಂದು ಅಜ್ಜಿ ಸಂಕಟಪಟ್ಟರು. ಇದು ದೀಪವಲ್ಲ, ಮೇಣದಬತ್ತಿ ಎಂದೆ. ಬೆಂಕಿಗೆ ಅದೆಲ್ಲ ಗೊತ್ತಾಗುತ್ತದೆಯೇ ಎಂದು ಕೇಳಿದರು. ನಾನು ಮೇಣದಬತ್ತಿಯನ್ನು ಎತ್ತಿಟ್ಟೆ.

ಅದರ ಮುಂದಿನ ವಾರ ಅಜ್ಜಿ ಒಂದು ಪೊಟ್ಟಣ ಚುರುಮುರಿ ತಂದರು. ಅಂಗೈ ಮೇಲೆ ನಾಲ್ಕು ಕಾಳು ಇಟ್ಟು ‘ಪೆನ್’ ಅಂದರೆ ಹಾರಬೇಕು, ಇದಕ್ಕೆ ಯಾವ ದೋಷವೂ ಇಲ್ಲ ಎಂದರು. ಚುರುಮುರಿ ಚೆನ್ನಾಗಿ ಹಾರಿತು. ಈಗ ನನ್ನ ಕ್ಲಿನಿಕ್ಕಿನಲ್ಲಿ ಮೇಣದಬತ್ತಿಯ ಬದಲು ಚುರುಮುರಿಯ ಡಬ್ಬಿ ಇದೆ. ಮಕ್ಕಳು ಹಾರಿಸುವುದಕ್ಕಿಂತ ನಾನು ತಿನ್ನುವುದೇ ಹೆಚ್ಚು.

ಕನ್ನಡಿಯ ಮುಂದೆ

ಬಾಲಾನಗರದ ಟೀಚರು ಬಾಗಲಕೋಟೆಯವರು. ಗಂಡನಿಗೆ ಬಾಲಾನಗರದ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ. ಮದುವೆಯಾಗಿ ಬಂದಾಗಿನಿಂದ ಒಂದೇ ಶಾಲೆಯಲ್ಲಿ ಮೂರನೇ ತರಗತಿಗೆ ಇಂಗ್ಲಿಷ್ ಕಲಿಸಿದ್ದಾರೆ. ಆ ಶಾಲೆಯ ಆಡಳಿತ ಮಂಡಳಿಗೆ ಹೊಸ ಅಧ್ಯಕ್ಷರು ಬಂದರು. ಈ ಟೀಚರ ಇಂಗ್ಲಿಷಿನಲ್ಲಿ ಜೋಳದ ರೊಟ್ಟಿಯ ವಾಸನೆ ಬರುತ್ತದೆ ಎಂದು ಯಾರೋ ಪಾಲಕರು ಅವರ ಕಿವಿಯಲ್ಲಿ ಊದಿದ್ದರು. ದಸರಾ ರಜೆ ಮುಗಿದ ಮೇಲೆ ತಾವೇ ಕೂತು ಪಾಠ ಕೇಳುತ್ತೇನೆ, ಸರಿಬರದಿದ್ದರೆ ಟೀಚರನ್ನು ನರ್ಸರಿಗೆ ಹಾಕುತ್ತೇನೆ, ಮಧ್ಯಾಹ್ನ ಮಕ್ಕಳನ್ನು ಮಲಗಿಸಿಕೊಂಡಿರಲಿ ಎಂದು ಅಧ್ಯಕ್ಷರು ಹೇಳಿ, ತಿದ್ದಲು ನನ್ನನ್ನು ಕರೆಸಿದರು.

"ಮಕ್ಕಳನ್ನ ಎಬ್ಬಸಾಕ ಬಂದಾಕಿರಿ ನಾನು. ಮಲಗಸಾಕ ಹ್ಯಾಂಗ ಹೋಗ್ಲಿ?" ಎಂದರು ಟೀಚರು.

ಆ ಮಾತು ನನ್ನ ಮನಸ್ಸಿಗೆ ನಾಟಿತು. ಹೇಗಾದರೂ ಮಾಡಿ ಇವರನ್ನು ದಡ ಮುಟ್ಟಿಸಬೇಕು ಅಂದುಕೊಂಡೆ.

‘ಥ್ಯಾಂಕ್’ ಎನ್ನುವಾಗ ಇಂಗ್ಲಿಷಿನಲ್ಲಿ ನಾಲಿಗೆಯ ತುದಿ ಹಲ್ಲುಗಳ ನಡುವೆ ಇಣುಕಬೇಕು. ಮನೆಯಲ್ಲಿ ಕನ್ನಡಿ ನೋಡಿಕೊಂಡು ರೂಢಿ ಮಾಡಿ ಎಂದು ಹೇಳಿ ಕಳಿಸಿದೆ. ಅವರ ಮನೆಯ ಕನ್ನಡಿ ಇದ್ದದ್ದು ಪಡಸಾಲೆಯಲ್ಲಿ, ಅತ್ತೆಯ ಮಂಚದ ಎದುರಿಗೆ. ಸೊಸೆ ಕನ್ನಡಿಯೊಳಗಿಂದ ತನಗೇ ನಾಲಿಗೆ ತೋರಿಸುತ್ತಿದ್ದಾಳೆ ಎಂದುಕೊಂಡ ಅತ್ತೆ ಬೆಳಗಿನ ಚಹಾ ಮುಟ್ಟಲಿಲ್ಲ. ಕೊನೆಗೆ ನಾನೇ ಫೋನಿನಲ್ಲಿ ಅವರಿಗೆ ಇಂಗ್ಲಿಷಿನ ನಾಲಿಗೆಯ ಮರ್ಮ ವಿವರಿಸಬೇಕಾಯಿತು. ಶಾಲೆಯ ಕೆಲಸವಾದರೆ ಮಾಡಲಿ, ಮೊದಲು ಕನ್ನಡಿ ಬೇರೆ ಕಡೆ ತಿರುಗಿಸಲಿ ಎಂದು ಅತ್ತೆ ತೀರ್ಪು ಕೊಟ್ಟರು.

ಮರುದಿನ ಟೀಚರು ‘ಥ್ಯಾಂಕ್’ ಅನ್ನು ಬಹಳ ಚೆನ್ನಾಗಿ ಹೇಳಿದರು. ಇಷ್ಟು ಬೇಗ ಹೇಗೆ ಬಂತು ಎಂದು ಕೇಳಿದೆ.

"ಕನ್ನಡಿ ಇನ್ನೂ ತಿರುಗಿಸಿಲ್ರಿ," ಎಂದರು ಮೆಲ್ಲಗೆ. "ಭಾಳ ದಿನದ ಆಸೆ ಇತ್ತು."

ತುಟಿ ಕಚ್ಚಿದರೆ

‘ವೆರಿ’ ಎನ್ನಲು ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಟೀಚರು ಕಲಿತದ್ದನ್ನು ಬಿಸಿಬಿಸಿಯಾಗಿ ತರಗತಿಯಲ್ಲಿ ಬಡಿಸಿದರು. ಮಕ್ಕಳಿಗೆ ಕಾಣಲಿ ಎಂದು ಕಣ್ಣು ಅಗಲಿಸಿ, ಕೆಳತುಟಿ ಕಚ್ಚಿ ನಿಂತರು. ಗದ್ದಲ ಹಾಕುತ್ತಿದ್ದ ತರಗತಿ ತಣ್ಣಗಾಯಿತು. ಮೊದಲ ಸಾಲಿನ ಹುಡುಗನೊಬ್ಬ, ನಾನಲ್ಲ, ಪಕ್ಕದವನು ಎಂದು ಎದ್ದು ನಿಂತ.

ನೆಂಟರ ಮನೆಯಲ್ಲಿ ಅಮ್ಮಂದಿರು ಕಣ್ಣು ಬಿಟ್ಟು ತುಟಿ ಕಚ್ಚಿದರೆ ಏನರ್ಥ ಎಂದು ಹೇಳಿಸಿಕೊಳ್ಳಬೇಕಾದ ಮಗು ಈ ಊರಿನಲ್ಲಿ ಇಲ್ಲ. ಮನೆಗೆ ನಡಿ, ಅಲ್ಲಿದೆ ನಿನಗೆ ಎಂದೇ ಅರ್ಥ. ಅದು ಧ್ವನಿ, ಶಿಕ್ಷೆಯಲ್ಲ ಎಂದು ಮಕ್ಕಳಿಗೆ ಮನವರಿಕೆ ಮಾಡಿಸಲು ಟೀಚರಿಗೆ ಸಾಕುಸಾಕಾಯಿತು. ಪಕ್ಕದ ಕೋಣೆಯ ಗಣಿತದ ಮೇಷ್ಟ್ರು ಮಾತ್ರ ಆ ನಿಶ್ಶಬ್ದ ಕೇಳಿ ನನ್ನ ಹತ್ತಿರ ಬಂದರು. ಗಣಿತಕ್ಕೂ ಇಂಥ ಅಕ್ಷರ ಇದ್ದರೆ ಕಲಿಸಿ ಎಂದರು.

ಅಧ್ಯಕ್ಷರು ಬಂದ ದಿನ

ರಜೆ ಮುಗಿಯಿತು. ಅಧ್ಯಕ್ಷರು ತೆಲುಗಿನವರು, ದೈವಭಕ್ತರು, ಮಾತು ಕಡಿಮೆ. ಬಂದು ಕೊನೆಯ ಬೆಂಚಿನಲ್ಲಿ ನನ್ನ ಪಕ್ಕ ಕೂತರು.

ಟೀಚರು ಆ ದಿನ ಪಾಠಕ್ಕೆ ಆರಿಸಿಕೊಂಡದ್ದು ‘ಇಜ಼್’. ಅದರ ಕೊನೆಯಲ್ಲಿ ಗಂಟಲು ಗುಂಯ್‌ಗುಡಬೇಕು. ಇಡೀ ವಾಕ್ಯವನ್ನು ಗಂಟಲ ಮೇಲೆ ಕೈ ಇಟ್ಟುಕೊಂಡೇ ಹೇಳಬೇಕು ಎಂದು ರಜೆಗೆ ಮೊದಲೇ ಮಕ್ಕಳಿಗೆ ರೂಢಿ ಮಾಡಿಸಿದ್ದರು. ಆದರೆ ಅಧ್ಯಕ್ಷರ ಮುಖ ನೋಡಿದ್ದೇ ಟೀಚರ ಬಾಯಿ ಒಣಗಿತು. ಅಭ್ಯಾಸದಲ್ಲಿ ಸರಿಯಾಗಿ ಬರುತ್ತಿದ್ದ ‘ಇಜ಼್’ ಇಲ್ಲಿ ಬರೀ ‘ಇಸ್’ ಆಯಿತು. ತಿದ್ದಿಕೊಳ್ಳಲು ಹೋದರು, ಮತ್ತೆ ‘ಇಸ್’. ಅಧ್ಯಕ್ಷರು ಎದ್ದು ನಿಂತರು. ಟೀಚರು ಡಸ್ಟರ್ ಹಿಡಿದು ಗೋಡೆ ನೋಡತೊಡಗಿದರು. ಮಕ್ಕಳು ಮಲಗುವ ನರ್ಸರಿಯ ಚಾಪೆಗಳು ನನ್ನ ಕಣ್ಣ ಮುಂದೆ ಬಂದವು.

ಹೊರಡುವ ಮೊದಲು ಅಧ್ಯಕ್ಷರು ಮಕ್ಕಳನ್ನು ಕೇಳಿದರು: ನಿಮ್ಮ ಟೀಚರು ಹೇಗೆ, ಸುಳ್ಳು ಹೇಳದೆ ಹೇಳಿ.

ಇಡೀ ತರಗತಿ ಎದ್ದು ನಿಂತಿತು. ಎಲ್ಲರ ಕೈ ಗಂಟಲಿಗೆ ಹೋಯಿತು.

"ಅವರ್ ಟೀಚರ್ ಇಜ಼್ ವೆರಿ ಗುಡ್, ಸರ್."

‘ಇಜ಼್’ ಕೋಣೆಯ ತುಂಬ ಗುಂಯ್‌ಗುಟ್ಟಿತು. ‘ವೆರಿ’ಗೆ ಎಲ್ಲರೂ ತುಟಿ ಕಚ್ಚಿದರು, ಆಣೆಯ ಜೊತೆ ಬೆದರಿಕೆಯೂ ಸೇರಿತು. ಆಮೇಲೆ ‘ಥ್ಯಾಂಕ್ ಯೂ ಸರ್’ ಎಂದು ಒಟ್ಟಾಗಿ ಅಧ್ಯಕ್ಷರಿಗೆ ನಾಲಿಗೆ ತೋರಿಸಿದರು. ಅವರು ಅದನ್ನು ಗಮನಿಸಲೇ ಇಲ್ಲ. ಅವರ ಕಣ್ಣು ಗಂಟಲ ಮೇಲಿದ್ದ ಕೈಗಳನ್ನು ಬಿಟ್ಟು ಅಲುಗಲಿಲ್ಲ.

ಅವರು ಮೆಲ್ಲಗೆ ಕೂತರು. ಇಷ್ಟು ಮಕ್ಕಳು ಯಾರೂ ಹೇಳಿಕೊಡದೆ ಒಬ್ಬ ಟೀಚರಿಗಾಗಿ ಆಣೆ ಇಡುವುದನ್ನು ತಾನು ಕಂಡಿರಲಿಲ್ಲ ಎಂದು ತೆಲುಗಿನಲ್ಲಿ ನನ್ನ ಕಿವಿಯಲ್ಲಿ ಹೇಳಿದರು. ನಿಜ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ, ನಿಮ್ಮ ಅಭಿಪ್ರಾಯವೇನು ಎಂದು ಕೇಳಿದರು. ಟೀಚರ ಬಾಯಲ್ಲಿ ತಪ್ಪಿದ ಧ್ವನಿ ಮಕ್ಕಳ ಬಾಯಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ. ಕಲಿಸುವುದು ಎಂದರೆ ಇನ್ನೇನು? ಮನಸಾರೆ ಹೇಳಿದೆ, "ಶೀ ಇಜ಼್ ವೆರಿ ಗುಡ್, ಸರ್."

ಅಧ್ಯಕ್ಷರು ನನ್ನ ಕೈ ಹಿಡಿದು ಕೆಳಗಿಳಿಸಿದರು. ಸಾಕು ತಾಯಿ, ದೊಡ್ಡವರು ಆಣೆ ಇಡಬಾರದು, ನಾನು ನಂಬಿದೆ ಎಂದರು. ಕಸುಬಿನ ಅಭ್ಯಾಸ, ಕೈ ಯಾವಾಗ ಗಂಟಲಿಗೆ ಹೋಗಿತ್ತೋ ನನಗೇ ತಿಳಿದಿರಲಿಲ್ಲ.

ಮೂರನೇ ತರಗತಿ ಟೀಚರಿಗೇ ಉಳಿಯಿತು. ಗೇಟಿನ ತನಕ ನನ್ನನ್ನು ಕಳಿಸಲು ಬಂದವರು ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದರು, "ಮೇಡಂ, ನಾ ಖರೇನ ಚೊಲೊ ಕಲಿಸ್ತೀನೇನ್ರಿ?"

"ಖರೇನರಿ," ಎಂದೆ.

ಅವರು ನನ್ನ ಮುಖ ನೋಡಲಿಲ್ಲ, ಕೈ ನೋಡಿದರು.

"ಹಂಗಲ್ರಿ. ಗಂಟಲ ಮ್ಯಾಲೆ ಇಟ್ಟು ಹೇಳ್ರಿ."