ಹಾಜರಿಲ್ಲದವನಿಗೆ ಪಟ್ಟ

ಸೋಮವಾರ ಬೆಳಿಗ್ಗೆ ವೆಂಡೆಲ್ ಥ್ರಾಷರನ ಎಡಗಾಲಿನ ಬೂಟನ್ನು ಅವನ ಮನೆ ಮುಂದಿನ ರಸ್ತೆ ನುಂಗಿತು. ಕಾಲನ್ನು ಮಾತ್ರ ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟಿತು.

ನಮ್ಮ ವರ್ಮಾಂಟ್ ರಾಜ್ಯದಲ್ಲಿ ಕೆಸರಿಗೇನೂ ಬರವಿಲ್ಲ. ಆದರೆ ನಮ್ಮ ಈಸ್ಟ್ ಟಾರ್ಬೆಲ್ ಊರಿನ ಕೆಸರಿನ ಮುಂದೆ ಮಿಕ್ಕ ಊರುಗಳದ್ದು ಬರೀ ಒದ್ದೆ ಮಣ್ಣು. ಬೇರೆ ಕಡೆ ಹಿಮ ಕರಗಿದರೆ ವಸಂತ ಬರುತ್ತದೆ. ನಮ್ಮಲ್ಲಿ ವಸಂತ ಬರುವ ದಾರಿಯಲ್ಲೇ ಹೂತುಕೊಂಡು, ಜೂನ್ ಹೊತ್ತಿಗೆ ಹೇಗೋ ಎದ್ದು ಮೈ ಕೊಡವಿಕೊಂಡು ಬರುತ್ತದೆ. ಒಂದು ಸಲ ಹಾಲಿನ ಲಾರಿ ಹೂತಿತು. ಅದನ್ನೆಳೆಯಲು ಬಂದ ಟ್ರ್ಯಾಕ್ಟರ್ ಹೂತಿತು. ಎರಡನ್ನೂ ನೋಡಲು ಬಂದ ಪಾದ್ರಿ ಸೊಂಟದವರೆಗೆ ಹೂತು, ಆ ಭಾನುವಾರದ ಉಪದೇಶವನ್ನು ಅಲ್ಲಿಂದಲೇ ಮಾಡಿದರು. ಚರ್ಚಿಗೆ ಎಂದೂ ಅಷ್ಟು ಜನ ಸೇರಿರಲಿಲ್ಲ. ನಾನು ಸುಳ್ಳು ಹೇಳುವವನಲ್ಲ; ಬೇಕಾದರೆ ಪಾದ್ರಿಯನ್ನೇ ಕೇಳಿ, ಸೊಂಟದ ಕೆಳಗೆ ಈಗಲೂ ಸ್ವಲ್ಪ ಕಂದು ಬಣ್ಣವಿದೆ.

"ಕಾಲು ಬಂತಲ್ಲ, ಅಷ್ಟು ಸಾಕು, ಒಳಗೆ ಬಾ," ಎಂದಳು ಬಾಗಿಲಲ್ಲಿ ನಿಂತಿದ್ದ ಹೆಂಡತಿ ಆರ್ಲೀನ್. ಮನಸ್ಸಿಗೆ ಬಂದದ್ದನ್ನು ಬಾಯಿಗೂ ತರುವುದು ಆಕೆಯ ಏಕೈಕ ದೋಷ.

ಒಂಟಿ ಕಾಲಲ್ಲಿ ಕೊಕ್ಕರೆಯಂತೆ ನಿಂತಿದ್ದ ವೆಂಡೆಲ್ ಆ ಕ್ಷಣದಲ್ಲೇ ನಿರ್ಧರಿಸಿದ: ನಾಳೆಯ ಊರಸಭೆಯಲ್ಲಿ ತಾನು ರಸ್ತೆ ಕಮಿಷನರ್ ಆಗಲೇಬೇಕು!

ಅದಕ್ಕೆ ಕಾರಣವೂ ಕಣ್ಣ ಮುಂದೆಯೇ ಇತ್ತು. ಊರಿನ ಜಲ್ಲಿ ಲಾರಿ ಮೊದಲು ಎಲ್ಲಿಗೆ ಹೋಗಬೇಕೆಂದು ಹೇಳುವವನು ರಸ್ತೆ ಕಮಿಷನರ್. ಇಷ್ಟು ವರ್ಷ ಆ ಹುದ್ದೆಯಲ್ಲಿದ್ದವನು ಹ್ಯೂಬರ್ಟ್ ಲಫ್ಲಾಮ್. ಅವನ ಮನೆ ಮುಂದಿನ ರಸ್ತೆ ಎಷ್ಟು ನಯವೆಂದರೆ ಅವನ ಹಸುಗಳು ಜಾರಿ ಬೀಳುತ್ತಿದ್ದವು. ಈಗ ಹ್ಯೂಬರ್ಟ್ "ಮೊಣಕಾಲು ನೋವು ಮಾರಾಯ್ರೇ, ನನ್ನ ಬಿಟ್ಬಿಡಿ" ಎಂದು ಊರಿಗೆಲ್ಲ ಸಾರಿದ್ದ. ಹುದ್ದೆ ಖಾಲಿ.

ತೊಡಕು ಒಂದೇ. ನಮ್ಮೂರಲ್ಲಿ ಯಾರೂ ಹುದ್ದೆಯನ್ನು ಬಾಯಿಬಿಟ್ಟು ಕೇಳುವುದಿಲ್ಲ. ಸಭೆಯಲ್ಲಿ ಎದ್ದು ನಿಂತು "ನನಗೆ ಬೇಕು" ಎಂದವನನ್ನು ಜನ ಪ್ಯಾಂಟು ಹಾಕದೆ ಬಂದವನಂತೆ ನೋಡುತ್ತಾರೆ. ಯಾರಾದರೂ ನಮ್ಮ ಹೆಸರು ಸೂಚಿಸಿದರೆ "ಅಯ್ಯೋ, ಪುರುಸೊತ್ತಿಲ್ಲ" ಎನ್ನುವುದೇ ಮರ್ಯಾದೆ. ಹಾಗಾಗಿ ಎಲ್ಲ ಹುದ್ದೆಗಳೂ ಹೋಗುವುದು ಆ ಹೊತ್ತಿಗೆ ಅಲ್ಲಿಲ್ಲದ, ಬೇಡ ಎನ್ನಲು ಬಾಯಿಲ್ಲದ ಬಡಪಾಯಿಗೆ. ಬೇಲಿ ತನಿಖೆದಾರ ಹಲ್ಲು ಕೀಳಿಸಲು ಹೋಗಿದ್ದಾಗ ಆಯ್ಕೆಯಾದವನು. ಕಾನ್‌ಸ್ಟೇಬಲ್ ಸಭೆಯಲ್ಲೇ ಇದ್ದ, ಆದರೆ ಗೊರಕೆ ಹೊಡೆಯುತ್ತಿದ್ದ. ಅದನ್ನೂ ಗೈರುಹಾಜರಿ ಎಂದೇ ತೀರ್ಮಾನಿಸಲಾಯಿತು. ಸಭೆ ನಡೆಸುವ ಮಿಸೆಸ್ ಟಟಲ್ ಅಧ್ಯಕ್ಷೆಯಾದದ್ದು ಜ್ವರ ಬಂದು ಮಲಗಿದ್ದಾಗ. ಜ್ವರ ಅದೇ ವಾರ ಬಿಟ್ಟಿತು, ಹುದ್ದೆ ಇನ್ನೂ ಬಿಟ್ಟಿಲ್ಲ.

ಆದ್ದರಿಂದ ವೆಂಡೆಲ್‌ನ ಉಪಾಯ ಸರಳವಾಗಿತ್ತು. ಸಭೆಗೆ ಹೋಗಬೇಕು, ಎಲ್ಲರ ಕಣ್ಣಿಗೆ ಬೀಳಬೇಕು, ರಸ್ತೆಯ ವಿಷಯ ಬಂದಾಗ ಮೆಲ್ಲಗೆ ಜಾರಬೇಕು. ಮನೆಯಲ್ಲೇ ಉಳಿದರೆ ಜನ ಮರೆತೇಬಿಡುತ್ತಾರೆ. ಈಗ ತಾನೇ ಖಾಲಿಯಾದ ಬೆಚ್ಚನೆಯ ಕುರ್ಚಿ ಮಾತ್ರ ಹತ್ತು ಭಾಷಣಕ್ಕೆ ಸಮ. ಈ ಗುಟ್ಟನ್ನು ಅವನು ಹೆಂಡತಿಗೂ ಹೇಳಲಿಲ್ಲ.

ಮಂಗಳವಾರ ಇಡೀ ಊರು ಟೌನ್ ಹಾಲಿನಲ್ಲಿ ನೆರೆಯಿತು. ವೆಂಡೆಲ್‌ನ ಪಕ್ಕದಲ್ಲಿ ದಿನಸಿ ಅಂಗಡಿಯ ಲೈಮನ್ ಪೀಸ್ಲಿ ಕೂತ. ಲೈಮನ್ ಅವನ ಜೀವದ ಗೆಳೆಯ. ಅಂಗಡಿಯ ಒಲೆಯ ಮುಂದೆ ಇಬ್ಬರೂ ಸೇರಿ ಊರಿನ ರಸ್ತೆಗಳಿಗೆ ಬೈದ ಬೈಗುಳವನ್ನು ಹಾಸಿದ್ದರೆ ಇಲ್ಲಿಂದ ಕೆನಡಾದವರೆಗೆ ಗಟ್ಟಿ ರಸ್ತೆಯಾಗುತ್ತಿತ್ತು. ಆರ್ಲೀನ್ ಮುಂದಿನ ಸಾಲಿನಲ್ಲಿ ಸ್ವೆಟರ್ ಹೆಣೆಯುತ್ತ ಕೂತಳು.

ಗ್ರಂಥಾಲಯದ ಸೋರುವ ಚಾವಣಿಯ ಜಗಳ ಮುಗಿಯಿತು. ಮಿಸೆಸ್ ಟಟಲ್ ಸುತ್ತಿಗೆ ಕುಟ್ಟಿ, "ಮುಂದಿನ ವಿಷಯ, ರಸ್ತೆ ಕಮಿಷನರ್..." ಎಂದದ್ದೇ ತಡ, ವೆಂಡೆಲ್ ಎದ್ದ. ಅರ್ಧ ಎದ್ದಿದ್ದನೋ ಇಲ್ಲವೋ, ಯಾರೋ ಕೋಟಿನ ಹಿಂಬದಿ ಹಿಡಿದು ಜಗ್ಗಿ ಕೂರಿಸಿದರು.

"ಎಲ್ಲಿಗೋ?" ಲೈಮನ್ ಪಿಸುಗುಟ್ಟಿದ.

"ಬಚ್ಚಲಿಗೆ."

"ಹುಚ್ಚು ಹಿಡಿದಿದೆಯಾ ನಿನಗೆ? ಈಗ ಹೊರಗೆ ಹೋದ್ರೆ ರಸ್ತೆ ಕೆಲಸ ನಿನ್ನ ಕುತ್ತಿಗೆಗೇ ಕಟ್ತಾರೆ!"

"ತಡಕೊಳ್ಳಕ್ಕಾಗಲ್ಲ ಕಣೋ."

"ತಡಕೋ. ಇದು ನಿನ್ನ ಜೀವನದ ಪ್ರಶ್ನೆ. ಆ ಕೆಲಸ ಶತ್ರುವಿಗೂ ಬೇಡ ಅಂತ ನೀನೇ ಅಲ್ವಾ ನನ್ನ ಅಂಗಡೀಲಿ ಕೂತು ಹೇಳ್ತಿದ್ದದ್ದು?"

ಹೇಳಿದ್ದು ನಿಜ. ಕೇಳಿದವರೂ ಊರ ತುಂಬ ಇದ್ದರು. ಅದೃಷ್ಟಕ್ಕೆ, ಚಾವಣಿಗೆ ತಗಡು ಹಾಕಬೇಕೋ ಹಲಗೆ ಹಾಕಬೇಕೋ ಎಂದು ಹಿಂದಿನ ಸಾಲಿನಿಂದ ಯಾರೋ ಹಳೆಯ ಜಗಳವನ್ನೇ ಮತ್ತೆ ಎಬ್ಬಿಸಿದರು. ಊಟದ ಹೊತ್ತಾಯಿತು. ರಸ್ತೆಯ ವಿಷಯ ಮಧ್ಯಾಹ್ನಕ್ಕೆ ಹೋಯಿತು.

ಜನ ಬೇಯಿಸಿದ ಹುರುಳಿಕಾಯಿ ಬೀಜ, ಹಂದಿಮಾಂಸ, ಸೇಬಿನ ಪೈ ಎಂದು ತಟ್ಟೆಗಳನ್ನು ತುಂಬಿಕೊಳ್ಳುತ್ತಿರುವಾಗ ವೆಂಡೆಲ್ ಹಿಂಬಾಗಿಲಿನಿಂದ ಹೊರಬಿದ್ದು ತನ್ನ ಪಿಕಪ್‌ ಗಾಡಿಯೊಳಗೆ ಬಗ್ಗಿ ಮಲಗಿದ. ಇನ್ನು ಇಲ್ಲೇ ಇದ್ದುಬಿಟ್ಟರಾಯಿತು. ಕಣ್ಣು ಮುಚ್ಚಿ ಜಲ್ಲಿಯ ಕನಸು ಕಾಣತೊಡಗಿದ. ಅಷ್ಟರಲ್ಲಿ ಕಿಟಕಿಗೆ ಯಾರೋ ಕುಟ್ಟಿದರು. ಕೈಯಲ್ಲಿ ತಟ್ಟೆ ಹಿಡಿದ ಲೈಮನ್! ಅವನ ಹಿಂದೆ ಅರ್ಧ ಊರು.

"ಇಲ್ಲಿದಾನೆ ನೋಡ್ರಪ್ಪಾ! ಊಟ ಬಿಟ್ಟು ಒಬ್ಬನೇ ಮಲಗಿದಾನೆ. ಪಾಪ, ಹೆದರಿಕೆಗೆ ಹಸಿವೇ ಇಂಗಿಹೋಗಿದೆ." ಲೈಮನ್ ದನಿ ಎತ್ತರಿಸಿದ. "ಕೇಳಿ ಎಲ್ರೂ! ನಮ್ಮ ವೆಂಡೆಲ್‌ಗೆ ಆ ರಸ್ತೆ ಕೆಲಸ ಅಂದ್ರೆ ಜ್ವರ ಬರುತ್ತೆ. ನಿದ್ದೆ ಹತ್ತಿಬಿಟ್ರೆ ಅವನ ಗತಿ ಮುಗೀತು. ಮಧ್ಯಾಹ್ನ ಅವನನ್ನ ಹೊರಗೆ ಬಿಡೋ ಜವಾಬ್ದಾರಿ... ಅಲ್ಲ ಅಲ್ಲ, ಬಿಡದೇ ಇರೋ ಜವಾಬ್ದಾರಿ ನಮ್ಮೆಲ್ಲರದು!"

ನಮ್ಮೂರಿನ ಜನ ಒಳ್ಳೆಯವರು. ಅವರಷ್ಟು ಅಪಾಯಕಾರಿ ಜನ ಈ ಭೂಮಿಯ ಮೇಲೆ ಬೇರೆಲ್ಲೂ ಇಲ್ಲ. ಅವರು ವೆಂಡೆಲ್‌ನನ್ನು ಮದುಮಗನಂತೆ ಎರಡೂ ತೋಳು ಹಿಡಿದು ಒಳಗೆ ಕರೆತಂದು ಸಾಲಿನ ನಟ್ಟನಡುವೆ ಕೂರಿಸಿದರು. ಎಡಕ್ಕೆ ಬೇಲಿ ತನಿಖೆದಾರ, ಬಲಕ್ಕೆ ಲೈಮನ್, ಹಿಂದೆ ಮರ ಕಡಿಯುವ ಇಬ್ಬರು ಅಣ್ಣತಮ್ಮಂದಿರು. ಒಬ್ಬೊಬ್ಬರ ಕೈಯೂ ಒಂದೊಂದು ಮರದ ಬೊಡ್ಡೆಯಷ್ಟಿತ್ತು. ವೆಂಡೆಲ್ ಸುಮ್ಮನೆ ಕೆಮ್ಮಿ ನೋಡಿದ. ಆರು ಕಡೆಯಿಂದ ಕೆಮ್ಮಿನ ಗುಳಿಗೆಗಳು ಬಂದವು. ಹೊಟ್ಟೆ ಹಿಡಿದುಕೊಂಡು ನರಳಿದ.

"ಇನ್ನೇನು ಆಗೋಯ್ತು, ಗಟ್ಟಿ ಮನಸ್ಸು ಮಾಡು ಕಣಪ್ಪಾ," ಎಂದು ಹಿಂದಿನವರು ಬೆನ್ನು ಸವರಿದರು. ಆ ಸವರಿಕೆಗೆ ಅವನ ಬೆನ್ನುಮೂಳೆ ಪಿಯಾನೋದಂತೆ ನುಡಿಯಿತು.

ಮಿಸೆಸ್ ಟಟಲ್ ಸುತ್ತಿಗೆ ಎತ್ತಿದಳು. ಇನ್ನು ತಡ ಮಾಡುವಂತಿಲ್ಲ! ವೆಂಡೆಲ್ ಟೋಪಿಯನ್ನು ನೆಲಕ್ಕೆ ಬೀಳಿಸಿದ, ಎತ್ತಿಕೊಳ್ಳುವವನಂತೆ ಬಗ್ಗಿದ, ಬಗ್ಗಿದವನು ಹಾಗೇ ಕುರ್ಚಿಗಳ ಕೆಳಗೆ ನುಸುಳಿದ. ಊರಿನ ಅಷ್ಟೂ ಬೂಟುಗಳ ನಡುವೆ ತೆವಳಿದ. ಅಲ್ಲಿಯ ವಾಸನೆಯನ್ನು ವರ್ಣಿಸಲು ನನ್ನಂಥವನಿಗೂ ಮಾತು ಸಾಲದು. ಎಲ್ಲರ ಕಣ್ಣೂ ಸುತ್ತಿಗೆಯ ಮೇಲಿದ್ದುದರಿಂದ ಈ ಸಲ ಅವನ ಕೋಟನ್ನು ಯಾರೂ ಜಗ್ಗಲಿಲ್ಲ. ತಲೆ ಎತ್ತಿ ನೋಡಿದರೆ ಲೈಮನ್‌ನ ಕುರ್ಚಿ ಖಾಲಿ. "ಎಲ್ಲೋ ಕಾಫಿಗೆ ಹೋಗಿದಾನೆ, ದೇವರು ದೊಡ್ಡವನು," ಎಂದುಕೊಂಡು ವೆಂಡೆಲ್ ಗೋಡೆಯಂಚಿಗೆ ತಲುಪಿ, ಕೋಟುಗಳನ್ನು ತೂಗುಹಾಕುವ ಕತ್ತಲೆಯ ಕೋಣೆಯೊಳಗೆ ಉರುಳಿ, ಬಾಗಿಲೆಳೆದುಕೊಂಡ.

ಒಳಗೆ ನೆಲದ ಮೇಲೂ ಕೋಟುಗಳ ಗುಡ್ಡೆ ಬಿದ್ದಿತ್ತು. ಅದರಲ್ಲಿ ತುಪ್ಪಳದ ದಪ್ಪನೆಯ ಕೋಟೊಂದನ್ನು ಆರಿಸಿಕೊಂಡು ವೆಂಡೆಲ್ ಅದರ ಮೇಲೆ ಹಾಯಾಗಿ ಕೂತ.

ಕೋಟು ಕೆಮ್ಮಿತು.

"ಯಾರದು?" ವೆಂಡೆಲ್‌ನ ಜೀವ ಬಾಯಿಗೆ ಬಂತು.

"ಏಳೋ ಮೇಲೆ! ಪಕ್ಕೆಲುಬು ಮುರೀತು!"

"ಲೈಮನ್? ನೀನು ಇಲ್ಲೇನು ಮಾಡ್ತಿದೀಯ?"

ಕೋಟು ಎದ್ದು ಕೂತಿತು. ಆಮೇಲೆ ಲೈಮನ್, "ನೀನು ಏನು ಮಾಡ್ತಿದೀಯೋ ಅದನ್ನೇ," ಎಂದ. "ನನ್ನ ಅಂಗಡಿ ಮುಂದಿನ ಗುಂಡಿಯಲ್ಲಿ ಬಾತುಕೋಳಿ ಮೊಟ್ಟೆ ಇಟ್ಟಿದೆ ಮಾರಾಯಾ. ನನಗೂ ಜಲ್ಲಿ ಬೇಕು."

"ಹಾಗಾದ್ರೆ ಬೆಳಿಗ್ಗೆಯಿಂದ ನನ್ನನ್ನ ಕಾಪಾಡಿದ್ದು..."

"ನಿನ್ನನ್ನ ಯಾರು ಕಾಪಾಡಿದ್ರು? ಪೈಪೋಟಿ ಕಡಿಮೆ ಮಾಡ್ಕೊಂಡೆ."

"ದ್ರೋಹಿ! ಗೆಳೆಯ ಅಂತ ನಂಬಿದ್ದೆನಲ್ಲೋ!"

"ಇಬ್ಬರೂ ಬಾಯಿ ಮುಚ್ಚಿಕೊಂಡು ಕೂತ್ಕೊಳ್ರೋ," ಎಂದಿತು ಮೂಲೆಯ ಇನ್ನೊಂದು ಕೋಟು. "ಹೊರಗೆ ಏನಂತಿದಾರೋ ಕೇಳಿಸ್ತಾ ಇಲ್ಲ."

ಹ್ಯೂಬರ್ಟ್ ಲಫ್ಲಾಮ್!

"ನಿನಗೆ ಮೊಣಕಾಲು ನೋವಲ್ವಾ?" ಇಬ್ಬರೂ ಒಟ್ಟಿಗೆ ಕೇಳಿದರು.

"ಈಗ ಪರವಾಗಿಲ್ಲ," ಎಂದ ಹ್ಯೂಬರ್ಟ್.

ಮೂವರೂ ಬಾಗಿಲಿಗೆ ಕಿವಿ ಹಚ್ಚಿದರು. ಸಭೆಯಲ್ಲಿ ಯಾರೋ "ವೆಂಡೆಲ್ ಥ್ರಾಷರ್!" ಎಂದು ಕೂಗಿದರು. ವೆಂಡೆಲ್‌ನ ಎದೆ ಜಲ್ಲಿ ಒಡೆಯುವ ಯಂತ್ರದಂತೆ ಬಡಿದುಕೊಂಡಿತು. ಇನ್ಯಾರೋ "ಲೈಮನ್!" ಎಂದರು. ಮತ್ಯಾರೋ "ಹ್ಯೂಬರ್ಟೇ ಇರಲಿ!" ಎಂದರು.

"ಮೂವರೂ ಸಭೆಯಲ್ಲಿ ಕಾಣ್ತಾ ಇಲ್ಲ," ಎಂದಳು ಮಿಸೆಸ್ ಟಟಲ್. "ಹಾಗಾದರೆ ಮೂವರಲ್ಲಿ ಒಬ್ಬರನ್ನ..."

"ಅಧ್ಯಕ್ಷರೇ, ಒಂದು ಮಾತು," ಎಂಬ ದನಿ ಬಂತು. ಆರ್ಲೀನ್! ಹೆಣಿಗೆಯ ಕಡ್ಡಿಗಳ ಸದ್ದು ನಿಂತಿತ್ತು. "ಮೂರು ಜನ ಎದ್ದು ಓಡಿಹೋಗಿದಾರೆ ಅಂದ್ಮೇಲೆ ಅವರಿಗೆ ಬೇಡ ಅಂತ ಅರ್ಥ. ಹಿಡಿದು ತಲೆಗೆ ಕಟ್ಟೋದು ಪಾಪ. ನನ್ನ ಗಂಡನನ್ನೇ ನೋಡಿ, ಬೆಳಿಗ್ಗೆಯಿಂದ ಒದ್ದಾಡಿ ಒದ್ದಾಡಿ ಕೊನೆಗೆ ಕುರ್ಚಿ ಕೆಳಗೆ ತೆವಳಿಕೊಂಡು ಹೋದ. ಈ ವಯಸ್ಸಿನಲ್ಲಿ! ಅಷ್ಟು ಹೆದರಿದ ಮನುಷ್ಯನಿಗೆ ಆ ಕೆಲಸ ಕೊಡಕ್ಕೆ ನಾನು ಬಿಡಲ್ಲ."

"ಬೇಡ ಆರ್ಲೀನ್, ಬೇಡ," ಎಂದು ವೆಂಡೆಲ್ ಬಾಗಿಲಿಗೆ ಹಣೆ ಒತ್ತಿ ಪಿಸುಗುಟ್ಟಿದ.

"ಹಾಗಾದ್ರೆ ಯಾರು ಮಾಡ್ತಾರೆ?" ಮಿಸೆಸ್ ಟಟಲ್ ಕೇಳಿದಳು.

"ನಾನು ಮಾಡ್ತೀನಿ. ನನಗೆ ಬೇಕು ಆ ಕೆಲಸ."

ಈಸ್ಟ್ ಟಾರ್ಬೆಲ್ ಹುಟ್ಟಿದ ಮೇಲೆ ಆ ಟೌನ್ ಹಾಲಿನಲ್ಲಿ ಯಾರೂ ಆಡಿರದ ಮಾತು ಅದು. ಗೋಡೆಯ ಗಡಿಯಾರವೂ ಮುಂದಿನ ಟಿಕ್ ಅನ್ನಲು ಹಿಂಜರಿಯಿತು. ಬೇಡ ಎನ್ನುವವರನ್ನು ಹೇಗೆ ಸಿಕ್ಕಿಸಬೇಕೆಂದು ನಮ್ಮವರಿಗೆ ಚೆನ್ನಾಗಿ ಗೊತ್ತಿತ್ತು. ಬೇಕು ಎನ್ನುವವರನ್ನು ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಯಾರಿಗೋ ಹೊಳೆಯಿತು: ಹಾಗಾದರೆ ಆ ಕೆಲಸ ನಮ್ಮ ತಲೆಗೆ ಬರುವುದಿಲ್ಲ! ಆಮೇಲೆ ಎದ್ದ "ಹೌದು!" ಎಂಬ ಕೂಗಿಗೆ ಪಕ್ಕದ ಊರಿನ ನಾಯಿಗಳೂ ಬೊಗಳಿದವು. ಕೋಣೆಯ ಗೂಟಗಳೆಲ್ಲ ಕಳಚಿ ಬಿದ್ದವು, ಬಾಗಿಲು ತಾನಾಗಿ ತೆರೆಯಿತು, ಮೂವರೂ ಕೋಟುಗಳ ಸಮೇತ ಸಭೆಯ ಮುಂದೆ ಉರುಳಿದರು.

ಜನ ಚಪ್ಪಾಳೆ ತಟ್ಟಿದರು. "ಬದುಕಿದೆಯೋ ವೆಂಡೆಲ್! ಹೆಂಡತಿ ಅಂದ್ರೆ ಹಾಗಿರಬೇಕು!"

ವೆಂಡೆಲ್ ಮೈ ಕೊಡವಿಕೊಂಡು ಎದ್ದ. ಎದ್ದವನ ಮುಖ ತಟ್ಟನೆ ಅರಳಿತು. ಅರೆ, ಹೋಗಿದ್ದೇನು? ಕಮಿಷನರ್ ತಾನಾದರೇನು, ಮನೆಯವಳಾದರೇನು? ಮನೆ ಒಂದೇ, ರಸ್ತೆ ಒಂದೇ! ಹೆಂಡತಿಯ ಪಕ್ಕದ ಕುರ್ಚಿಗೆ ಜಾರಿ ಕೂತು ಕಿವಿಯಲ್ಲಿ ಹೇಳಿದ: "ಭೇಷ್ ಕಣೇ. ನಾಳೆ ಬೆಳಿಗ್ಗೆಯೇ ನಮ್ಮ ಮನೆ ಮುಂದೆ ಲಾರಿ ತರಿಸಿಬಿಡು."

ಆರ್ಲೀನ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಸಭೆಯ ಕಡೆ ತಿರುಗಿದಳು.

"ಅಧ್ಯಕ್ಷರೇ, ಇನ್ನೊಂದು ಸೂಚನೆ ಇದೆ. ಕಮಿಷನರ್ ಮನೆ ರಸ್ತೆಗೆ ಮೊದಲ ಜಲ್ಲಿ ಅನ್ನೋ ಪದ್ಧತಿ ಇವತ್ತಿಗೆ ಸಾಕು." ಹ್ಯೂಬರ್ಟ್ ನೆಲ ನೋಡಿದ. "ನಾನು ಈ ಕೆಲಸದಲ್ಲಿ ಇರೋ ತನಕ ನಮ್ಮ ಮನೆ ರಸ್ತೆ ಎಲ್ಲಕ್ಕಿಂತ ಕೊನೆಗೆ. ಪಕ್ಷಪಾತ ಅಂತ ಯಾರೂ ಬಾಯಿ ತೆಗೀಬಾರದು."

ಟೌನ್ ಹಾಲ್ ಮತ್ತೆ ಚಪ್ಪಾಳೆಯಿಂದ ಅದುರಿತು. ಮಿಸೆಸ್ ಟಟಲ್‌ಳ ಕಣ್ಣಲ್ಲಿ ನೀರಾಡಿತು. "ಎಂಥಾ ಮಾತು! ಇದನ್ನು ಯಾರು ಅನುಮೋದಿಸ್ತೀರಿ?"

ಊರಿಗೆ ಊರೇ ವೆಂಡೆಲ್‌ನ ಕಡೆ ತಿರುಗಿತು. ಇನ್ಯಾರು ಅನುಮೋದಿಸಬೇಕು? ಲೈಮನ್ ಅವನ ಭುಜ ತಟ್ಟಿದ. "ಏಳಪ್ಪಾ ಏಳು, ನಿನ್ನ ಪ್ರಾಣ ಉಳಿಸಿದ ಹೆಂಡತಿ ಕಣೋ." ಮರ ಕಡಿಯುವ ಅಣ್ಣತಮ್ಮಂದಿರು ಹಿಂದಿನಿಂದ ಎರಡೂ ಕಂಕುಳಿಗೆ ಕೈಕೊಟ್ಟು ಅವನನ್ನು ಎತ್ತಿಯೇ ಬಿಟ್ಟರು.

"ಅನುಮೋದಿಸ್ತೀನಿ," ಎಂದ ವೆಂಡೆಲ್.

"ಸ್ವಲ್ಪ ಜೋರಾಗಿ ಹೇಳಪ್ಪಾ," ಎಂದಳು ಮಿಸೆಸ್ ಟಟಲ್. "ಹಿಂದಿನ ಸಾಲಿನವರಿಗೆ ಕೇಳಿಸಲಿಲ್ಲವಂತೆ."